ಸೊನ್ನೆ ತಟ್ಟೆಯ ಬೇರುಗಳು

ಆ ಮಣ್ಣಿನ ಡಬ್ಬದ ಮೇಲೆ ನಾನು ಅಂಟಿಸಿದ ಚೀಟಿ ಸುಳ್ಳು ಎಂದು ಡೈರಿಯಲ್ಲಿ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು. ದಿನಾಂಕ ಬರೆಯುತ್ತಿದ್ದೆ, ಅದರ ಕೆಳಗೊಂದು ಗೆರೆ ಎಳೆಯುತ್ತಿದ್ದೆ, ಪುಸ್ತಕ ಮುಚ್ಚಿಡುತ್ತಿದ್ದೆ. ಐದನೇ ದಿನ ಬರೆದದ್ದು ಇಷ್ಟೇ: 'ಫಾರಂ ಮಣ್ಣು ಎಂದು ಬರೆದಿರುವುದು ಫಾರಂ ಮಣ್ಣಲ್ಲ. ದೊಡ್ಡಮ್ಮನ ಹಿತ್ತಿಲಿನದು. ಯಾರಿಗೂ ಗೊತ್ತಿಲ್ಲ. ಗೊತ್ತಾದರೂ ಆಕಾಶವೇನೂ ಬೀಳುವುದಿಲ್ಲ. ಆದರೂ ಊಟ ಸೇರುತ್ತಿಲ್ಲ.'

ನಾನು ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿ ಏಳು ತಿಂಗಳಾಗಿತ್ತು. ಮೂರನೇ ಮಹಡಿಯ ಕೊನೆಯ ಕೋಣೆ. ಏನು ಕೆಲಸ ಎಂದು ಯಾರಾದರೂ ಕೇಳಿದರೆ 'ಬೇರು ಅಳೆಯೋದು' ಅನ್ನಬೇಕು, ಅವರು ನಗುವವರೆಗೆ ಕಾಯಬೇಕು. ಲೋಹದ ವಿಷ ಸೇರಿದ ಮಣ್ಣಿನಲ್ಲಿ ಗೋಧಿಯ ಸಸಿ ಎಷ್ಟು ಕುಗ್ಗುತ್ತದೆ ಎಂದು ನೋಡುವುದು ನಮ್ಮ ಮೇಡಂ ಅವರ ಸಂಶೋಧನೆ. ಒಳ್ಳೆಯ ಮಣ್ಣು ತಂದು, ಒಣಗಿಸಿ, ಜರಡಿ ಹಿಡಿದು, ಅದಕ್ಕೆ ತೂಕ ಮಾಡಿ ಸೀಸದ ಉಪ್ಪು ಬೆರೆಸಬೇಕು: ಒಂದಕ್ಕೆ ಸ್ವಲ್ಪ, ಇನ್ನೊಂದಕ್ಕೆ ಜಾಸ್ತಿ, ಮತ್ತೊಂದಕ್ಕೆ ಇನ್ನೂ ಜಾಸ್ತಿ. ಗಾಜಿನ ತಟ್ಟೆಗಳಿಗೆ ತುಂಬಿ ಹತ್ತತ್ತು ಕಾಳು ಊರಬೇಕು. ಏಳನೇ ದಿನ ಸಸಿಗಳನ್ನು ಮೆಲ್ಲನೆ ಬಿಡಿಸಿ, ತೊಳೆದು, ಅವುಗಳ ಅತಿ ಉದ್ದದ ಬೇರನ್ನು ಅಳೆಯಬೇಕು. ಏನನ್ನೂ ಬೆರೆಸದ ತಟ್ಟೆಗೆ ನಾವು 'ಸೊನ್ನೆ' ಅನ್ನುತ್ತೇವೆ. ಉಳಿದವು ಎಷ್ಟು ಕುಗ್ಗಿವೆ ಎನ್ನುವುದನ್ನು ಸೊನ್ನೆಯ ಪಕ್ಕ ಇಟ್ಟೇ ಹೇಳಬೇಕು.

ಆ ಒಳ್ಳೆಯ ಮಣ್ಣು ಬರಬೇಕಾದದ್ದು ಸಂಸ್ಥೆಯ ಬೇಸಾಯದ ಫಾರಂನಿಂದ. ಅಲ್ಲೊಬ್ಬ ಗುಮಾಸ್ತರಿದ್ದಾರೆ. ಕಿಟಕಿಯ ಆಚೆ ಕೂತಿರುತ್ತಾರೆ, ಈಚೆ ನಿಂತವರು ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ಹೇಳಿ ಚೀಟಿ ಬರೆಸಿಕೊಳ್ಳಬೇಕು. ಮೊದಲ ಸಲ ಹೋದಾಗ ನಾನು ಎರಡು ಬಾರಿ ಹೇಳಿದರೂ ಅವರಿಗೆ ಕೇಳಿಸಲಿಲ್ಲ.

"ಏನಮ್ಮ, ಗಂಟಲಲ್ಲಿ ಇಲಿ ಕೂತಿದೆಯಾ? ಅದನ್ನ ಮೊದಲು ಓಡ್ಸು, ಆಮೇಲೆ ಮಾತಾಡು!"

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ವಾಪಸು ಬರುವಾಗ ಮೆಟ್ಟಿಲ ಮೇಲೆ ನಿಂತು ಅತ್ತೆ. ಎರಡನೇ ಸಲ ಮಣ್ಣು ಬೇಕಾದಾಗ ನಾನು ಫಾರಂ ಕಡೆ ತಲೆಯನ್ನೂ ಹಾಕಲಿಲ್ಲ. ಬೆಳಗ್ಗೆ ದೊಡ್ಡಮ್ಮ ಇನ್ನೂ ಸ್ನಾನದಲ್ಲಿದ್ದಾಗ ಹಿತ್ತಿಲ ಸೊಪ್ಪಿನ ಮಡಿಯ ಪಕ್ಕದಲ್ಲಿ ಮೊಳದಷ್ಟು ಅಗೆದು, ಎರಡು ಚೀಲ ತುಂಬಿಕೊಂಡು ಬಸ್ಸು ಹತ್ತಿದೆ. ಅದನ್ನು ಪ್ರಯೋಗಾಲಯದ ಡಬ್ಬಕ್ಕೆ ಸುರಿದು 'ಫಾರಂ ಮಣ್ಣು' ಎಂದು ಚೀಟಿ ಅಂಟಿಸಿದೆ. ಮಣ್ಣು ಮಣ್ಣೇ ತಾನೆ ಅಂದುಕೊಂಡೆ. ಆ ಮಣ್ಣಿನಲ್ಲಿ ಪಾಲಕ್ ಅಂಗೈಯಗಲ ಬೆಳೆಯುತ್ತಿತ್ತು. ಇನ್ನೇನು ಬೇಕು?

ಏಳನೇ ದಿನ ಅಳೆಯಲು ಕೂತಾಗ ನನ್ನ ಎದುರಿಗೆ ಮಿಲ್ಲಿಯಣ್ಣ ಇದ್ದರು. ಇಪ್ಪತ್ತೆಂಟು ವರ್ಷದಿಂದ ಅಲ್ಲಿ ಅಟೆಂಡರ್. ಅರ್ಧ ಮಿಲಿಮೀಟರಿಗೂ ಜಗಳಕ್ಕೆ ನಿಲ್ಲುತ್ತಾರೆಂದು ಆ ಹೆಸರು. ನಾನು ಚಿಮುಟದಲ್ಲಿ ಸಸಿ ಎತ್ತಿ ಕಪ್ಪು ಹಲಗೆಯ ಮೇಲೆ ಮಲಗಿಸಬೇಕು, ಅವರು ಸ್ಕೇಲು ಇಟ್ಟು ಕೂಗಬೇಕು, ನಾನು ಬರೆದುಕೊಳ್ಳಬೇಕು. ಮಾತಾಡದೆ ದಿನ ಕಳೆಯಬಹುದಾದ ಕೆಲಸ ಎಂದೇ ಅದು ನನಗೆ ಇಷ್ಟ.

"ಮೂವತ್ತೊಂದು," ಅಂದರು ಮಿಲ್ಲಿಯಣ್ಣ.

ಬರೆದೆ.

"ಇಪ್ಪತ್ತೊಂಬತ್ತೂವರೆ. ಮೂವತ್ಮೂರು. ಇಪ್ಪತ್ತಾರು." ಸ್ಕೇಲು ಕೆಳಗಿಟ್ಟು ಕನ್ನಡಕ ಮೇಲೆ ಸರಿಸಿದರು. "ಇದು ಯಾವ ತಟ್ಟೆ ತಂಗೀ?"

"ಸೊನ್ನೆ."

"ಸೊನ್ನೆನಾ? ನಾನು ಆರುನೂರು ಮಿಲಿಗ್ರಾಂ ಸೀಸ ಹಾಕಿದ್ದು ಅಂತಿದ್ದೆ." ಬೇರಿನ ತುದಿಯನ್ನು ಉಗುರಿನಿಂದ ತೋರಿಸಿದರು. ಬಿಳಿ ದಾರದ ಹಾಗಿರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ಬತ್ತಿಯ ಹಾಗೆ ಮೊಂಡಾಗಿತ್ತು. ಪಕ್ಕದ ಮರಿಬೇರುಗಳು ಹೊರಟಿರಲೇ ಇಲ್ಲ. "ನಿನ್ನ ಗೋಧಿಗೂ ನಿನ್ನ ಥರಾನೇ ನಾಚಿಕೆ ನೋಡು. ಮಣ್ಣೊಳಗೆ ಇಳಿಯೋಕೆ ಹಿಂದೆಮುಂದೆ ನೋಡ್ತಿದೆ."

ನಾನು ನಗಲಿಲ್ಲ. ಅದೇ ಕಾಳನ್ನು ಬರೀ ಒದ್ದೆ ಕಾಗದದ ಮೇಲೂ ಮೊಳಕೆ ಬರಿಸಿದ್ದೆ, ಬೀಜ ಚೆನ್ನಾಗಿದೆಯೋ ಇಲ್ಲವೋ ನೋಡಲು. ಅಲ್ಲಿ ಬೇರು ತೊಂಬತ್ತು ದಾಟಿತ್ತು. ನೀರೂ ಅದೇ, ಕಪಾಟೂ ಅದೇ, ದೀಪವೂ ಅದೇ. ಬೇರೆಯಾಗಿದ್ದದ್ದು ಮಣ್ಣೊಂದೇ.

ಮೇಡಂ ಬಂದು ಪಟ್ಟಿ ನೋಡಿದರು. ಅವರು ಕೂಗಾಡುವವರಲ್ಲ. ಅವರಿಗೆ ಬೇಸರವಾದರೆ ಪೆನ್ನಿನ ಮುಚ್ಚಳ ಹಾಕುತ್ತಾರೆ, ತೆಗೆಯುತ್ತಾರೆ.

"ಮಣ್ಣು ಬೆರೆಸುವಾಗ ಸೊನ್ನೆ ತಟ್ಟೆಗೂ ಕೈತಪ್ಪಿ ಸೀಸದ ನೀರು ಬಿದ್ದಿರ್ಬೇಕು. ಹಾಗೇನಾ?"

ನಾನು ಹೌದೆಂದು ತಲೆಯಾಡಿಸಿದೆ.

"ಹೋಗ್ಲಿ ಬಿಡು. ಎಲ್ಲಾ ಸುರಿದುಬಿಡು. ಫಾರಂನಿಂದ ಹೊಸ ಮಣ್ಣು ತಂದು ಸೋಮವಾರ ಮತ್ತೆ ಶುರು ಮಾಡು. ಸ್ವಲ್ಪ ಮೈಮೇಲೆ ಎಚ್ಚರ ಇರ್ಲಿ."

"ಹೂಂ," ಅಂದೆ.

ಮಾಡದ ತಪ್ಪನ್ನು ಒಪ್ಪಿಕೊಂಡು ಮಾಡಿದ ತಪ್ಪನ್ನು ಮುಚ್ಚಿಟ್ಟಾಗಿತ್ತು. ಒಂದೇ ಅಕ್ಷರದಲ್ಲಿ. ಸಾಯಂಕಾಲ ಬಸ್ಸಿನಲ್ಲಿ ಕಿಟಕಿಗೆ ಹಣೆ ಆನಿಸಿ ಕೂತಿದ್ದಾಗ ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಆ ಮೊಂಡು ಬೇರುಗಳು ಕಣ್ಣೆದುರೇ ಇದ್ದವು. ಆಮೇಲೆ, ಮೂರನೇ ನಿಲ್ದಾಣದ ಹತ್ತಿರ ಇರಬೇಕು, ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ಬ್ಯಾಟರಿ ರಿಪೇರಿ ಮಾಡುತ್ತಿದ್ದರು. ಲಾರಿ, ಬಸ್ಸು, ಟ್ರ್ಯಾಕ್ಟರಿನ ದೊಡ್ಡ ಬ್ಯಾಟರಿಗಳು. ಅಂಗಡಿ ಮುಂದಿನ ರಸ್ತೆಯಲ್ಲಿತ್ತು, ನಿಜವಾದ ಕೆಲಸ ನಡೆಯುತ್ತಿದ್ದದ್ದು ಹಿತ್ತಿಲಿನ ತಗಡಿನ ಕೊಟ್ಟಿಗೆಯಲ್ಲಿ. ಸತ್ತ ಬ್ಯಾಟರಿಗಳನ್ನು ಸುತ್ತಿಗೆಯಿಂದ ಒಡೆದು, ಒಳಗಿನ ಆಸಿಡ್ ಅನ್ನು ಅಲ್ಲೇ ನೆಲಕ್ಕೆ ಚೆಲ್ಲಿ, ಸೀಸದ ಪಟ್ಟಿಗಳನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸುತ್ತಿದ್ದರು. ರಜೆಗೆ ಬಂದಾಗ ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಕರಗಿದ ಸೀಸ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. 'ಹತ್ತಿರ ಬರಬೇಡ ಕೂಸೇ, ಹೊಗೆ' ಅನ್ನುತ್ತಿದ್ದರು. ಹೊಗೆಯೊಂದೇ ಅಪಾಯ ಎಂದು ಅವರಿಗೂ ಗೊತ್ತಿದ್ದದ್ದು. ಅವರು ಹೋಗಿ ಆರು ವರ್ಷ. ದೊಡ್ಡಮ್ಮ ಕೊಟ್ಟಿಗೆ ಕೆಡವಿಸಿ, ಗೊಬ್ಬರ ಹೊತ್ತು ಹಾಕಿ, ಅದೇ ಜಾಗದಲ್ಲಿ ಸೊಪ್ಪು, ಮೂಲಂಗಿ, ಟೊಮೆಟೊ ಬೆಳೆಸಿದರು.

ಮನೆಗೆ ಬಂದಾಗ ಅವರು ಹಿತ್ತಿಲಲ್ಲೇ ಇದ್ದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ ಕಳೆ ಕೀಳುತ್ತಿದ್ದರು. ಪಕ್ಕದಲ್ಲಿ ಮೊಮ್ಮಗಳು, ಎಲ್ಲರೂ 'ಮರಿ' ಎಂದು ಕರೆಯುವ ಮೂರು ವರ್ಷದ ಮಗು, ಚಮಚದಿಂದ ಮಣ್ಣು ತೋಡಿ ತಟ್ಟೆಗೆ ಬಡಿಸುತ್ತಿತ್ತು. ಮಗುವಿನ ಅಮ್ಮ, ದೊಡ್ಡಮ್ಮನ ಮಗಳು, ನಾನು ಅಕ್ಕ ಎನ್ನುವವಳು, ದೂರದ ಆಸ್ಪತ್ರೆಯಲ್ಲಿ ನರ್ಸ್. ತಿಂಗಳಿಗೆ ಎರಡು ಸಲ ಬಂದು ಹೋಗುತ್ತಾಳೆ.

"ಬಂದ್ಲು ನೋಡು ಗುಮ್ಮನಗುಸುಕಿ," ಅಂದರು ದೊಡ್ಡಮ್ಮ, ತಲೆಯೆತ್ತದೆ. "ಬಾಗಿಲು ತೆಗೆದ ಸದ್ದೂ ಇಲ್ಲ, ಚಪ್ಪಲಿ ಬಿಟ್ಟ ಸದ್ದೂ ಇಲ್ಲ. ಬೆಕ್ಕಾದ್ರೂ ಮಿಯಾಂವ್ ಅನ್ನುತ್ತಪ್ಪ."

"ಕೆಲಸ ಇತ್ತು ದೊಡ್ಡಮ್ಮ."

"ಅಬ್ಬಾ, ಮೂರು ಪದ! ಮರಿ, ಕೇಳಿಸ್ತಾ? ನಿನ್ನ ಚಿಕ್ಕಮ್ಮ ಇವತ್ತು ಭಾಷಣ ಮಾಡಿದ್ಲು."

ಮರಿ ನನ್ನ ಮುಖ ನೋಡಿ ಬೆರಳು ಬಾಯಿಗಿಟ್ಟುಕೊಂಡಳು. ಬೆರಳಿನಲ್ಲಿ ಮಣ್ಣಿತ್ತು.

"ಇವಳೂ ನಿನ್ನ ಥರಾನೇ," ಅಂದರು ದೊಡ್ಡಮ್ಮ. "ಮೂರು ತುಂಬಿದ್ರೂ ಅಜ್ಜಿ, ನೀರು, ಬೇಡ, ಇಷ್ಟೇ. ನಿನ್ನ ಗಾಳಿ ಸೋಕಿದೆ."

ಈ ಮಾತನ್ನು ಅವರು ಎಷ್ಟೋ ಸಲ ಆಡಿದ್ದರು. ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಈ ಮನೆಯಲ್ಲಿ ನನ್ನ ಥರದವಳು ಒಬ್ಬಳಾದರೂ ಇದ್ದಾಳೆ ಎಂದು. ಅವತ್ತು ಮಾತ್ರ ಆ ಖುಷಿ ಬರಲಿಲ್ಲ. ಮಕ್ಕಳ ಮೈಗೆ ಸೀಸ ಸೇರಿದರೆ ಏನೇನಾಗಬಹುದು ಎಂದು ಮೇಡಂ ಅವರ ಪುಸ್ತಕಗಳಲ್ಲಿ ಓದಿದ್ದೆ. ಕಲಿಕೆ ನಿಧಾನ, ಮಾತು ನಿಧಾನ, ರಕ್ತ ಕಡಿಮೆ. ಮರಿಗೆ ಹಾಗೇ ಆಗಿದೆ ಎಂದು ನನಗೆ ಗೊತ್ತಿರಲಿಲ್ಲ. ಕೆಲವು ಮಕ್ಕಳು ಸುಮ್ಮನೆ ತಡವಾಗಿ ಮಾತಾಡುತ್ತವೆ. ನಾನೂ ತಡವಾಗಿಯೇ ಮಾತಾಡಿದವಳಂತೆ. ಆದರೆ ಗೊತ್ತಿಲ್ಲ ಎಂದು ಕೈಕಟ್ಟಿ ಕೂರುವುದು ಹೇಗೆ?

ಹೋಗಿ ಅವಳ ಬೆರಳು ಬಾಯಿಂದ ತೆಗೆದು, ಎತ್ತಿಕೊಂಡು ಹೋಗಿ ನಲ್ಲಿಯಡಿ ಕೈ ತೊಳೆದೆ. ದೊಡ್ಡಮ್ಮ ನೋಡುತ್ತಿದ್ದರು.

"ಮಣ್ಣು ತಾನೆ. ನಾವೆಲ್ಲ ಅದರಲ್ಲೇ ಹೊರಳಾಡಿ ಬೆಳೆದವ್ರು. ಅದೂ ನಿನ್ನ ದೊಡ್ಡಪ್ಪ ಬೆವರು ಸುರಿಸಿದ ಜಾಗ."

ಅವತ್ತು ತಟ್ಟೆಗೆ ಬಂದ ಪಾಲಕ್ ತಿಂದೆ. ತಿನ್ನುವುದಿಲ್ಲ ಎನ್ನಬೇಕಾದರೆ ಕಾರಣ ಹೇಳಬೇಕಿತ್ತು.

ಮಾರನೇ ದಿನ ಡಬ್ಬದ ಮಣ್ಣನ್ನು ಸುರಿಯಲಿಲ್ಲ. ಅದರಿಂದ ಒಂದಿಷ್ಟು, ಬೆಳಗ್ಗೆ ಸೊಪ್ಪಿನ ಮಡಿಯ ಮೇಲ್ಪದರದಿಂದ ಕಾಗದದಲ್ಲಿ ಕಟ್ಟಿಕೊಂಡು ಬಂದದ್ದೊಂದಿಷ್ಟು, ಎರಡನ್ನೂ ಮಿಲ್ಲಿಯಣ್ಣನ ಮುಂದಿಟ್ಟೆ. ಲೋಹ ಅಳೆಯುವ ಯಂತ್ರಕ್ಕೆ ಮಾದರಿ ಸಿದ್ಧ ಮಾಡಿ ಕೊಡುವವರು ಅವರೇ.

"ಎಲ್ಲಿಯ ಮಣ್ಣು?" ಮಾದರಿಯ ಅರ್ಜಿಯಲ್ಲಿ ಆ ಜಾಗ ಖಾಲಿ ಬಿಡುವಂತಿಲ್ಲ.

"ಗೊತ್ತಿಲ್ಲ."

"ಗೊತ್ತಿಲ್ಲದ ಮಣ್ಣು ತಾನಾಗಿ ನಡ್ಕೊಂಡು ಬಂತಾ?" ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ. 'ಗೊತ್ತಿಲ್ಲ' ಎಂದೇ ಬರೆದುಕೊಂಡರು.

ಉತ್ತರ ಬರಲು ಎರಡು ದಿನ ಬೇಕಾಯಿತು. ಮಿಲ್ಲಿಯಣ್ಣ ಕಾಗದ ಹಿಡಿದು ಬಂದರು, ಯಾವತ್ತಿನ ಹಾಗೆ ಅಂಕಿಯನ್ನು ಕೂಗಿ ಹೇಳಲಿಲ್ಲ. ಮೇಜಿನ ಮೇಲೆ ನನ್ನ ಕಡೆ ತಿರುಗಿಸಿ ಇಟ್ಟರು. ಸಾಧಾರಣ ಮಣ್ಣಿನ ಒಂದು ಕಿಲೋದಲ್ಲಿ ಇಪ್ಪತ್ತೋ ಮೂವತ್ತೋ ಮಿಲಿಗ್ರಾಂ ಸೀಸ ಇರುತ್ತದೆ. ಡಬ್ಬದ್ದರಲ್ಲಿ ಎರಡು ಸಾವಿರದ ಇನ್ನೂರು. ಮಡಿಯ ಮೇಲ್ಪದರದಲ್ಲಿ, ಅಷ್ಟೊಂದು ಗೊಬ್ಬರ ಬಿದ್ದ ಮೇಲೂ, ಎಂಟುನೂರ ನಲವತ್ತು.

"ಯಾವ ಫ್ಯಾಕ್ಟರಿ ಹಿಂದಿನದು ತಂಗೀ ಇದು?"

ನಾನು ಅಂಕಿಗಳನ್ನು ಮತ್ತೊಮ್ಮೆ ಓದಿದೆ.

"ಅಲ್ಲಿ ಮಕ್ಕಳುಮರಿ ಓಡಾಡ್ತವಾ?"

"ಗೊತ್ತಿಲ್ಲ," ಅಂದೆ. ಫಾರಂ ಮಣ್ಣು ಎಂದು ಬರೆದ ಸುಳ್ಳಿಗೆ ನನಗೆ ಊಟ ಸೇರದೆ ಹೋಗಿತ್ತು. ಈ ಸುಳ್ಳು ಹೇಳುವಾಗ ಅವರ ಮುಖ ನೋಡಲಾಗದೆ ಕಾಗದವನ್ನು ನಾಲ್ಕಾಗಿ ಮಡಚುತ್ತಿದ್ದೆ.

ಮಿಲ್ಲಿಯಣ್ಣ ಕನ್ನಡಕ ಒರೆಸಿದರು. "ಎಲೆ ನೋಡಿದ್ರೆ ಏನೂ ತಿಳಿಯಲ್ಲ. ಮೇಲೆ ಹಸಿರಾಗೇ ಇರುತ್ತೆ. ಯಾರಿಗಾದ್ರೂ ಹೇಳೋದಿದ್ರೆ ಬೇಗ ಹೇಳು."

ಹೇಳುವುದು ಅವರಿಗೆ ಸುಲಭ. ನಾನು ಆ ಮನೆಯ ಹಿಂದಿನ ಕೋಣೆಯಲ್ಲಿ ಇರುವವಳು. ಅಮ್ಮ ಹೋದ ಮೇಲೆ ದೊಡ್ಡಮ್ಮ ಒಂದು ಮಾತೂ ಆಡದೆ ಮಂಚ ಹಾಕಿಕೊಟ್ಟ ಕೋಣೆ. ಅವರ ಹತ್ತಿರ ಹೋಗಿ ನಿಮ್ಮ ತೋಟ ವಿಷ, ಅದಕ್ಕೆ ನಿಮ್ಮ ಗಂಡನೇ ಕಾರಣ, ನಿಮ್ಮ ಕೈಯಾರೆ ಅದನ್ನೇ ಮೊಮ್ಮಗಳಿಗೆ ತಿನ್ನಿಸಿದ್ದೀರಿ ಎನ್ನಬೇಕು. ಕಾಗದ ಬರೆದೆ. 'ಪ್ರೀತಿಯ ದೊಡ್ಡಮ್ಮ' ಎಂದು ಶುರುಮಾಡಿ, ಎರಡನೇ ಸಾಲಿನಲ್ಲಿ ದೊಡ್ಡಪ್ಪನ ಹೆಸರು ಬಂದ ಕೂಡಲೇ ಹರಿದೆ. ಅಕ್ಕನಿಗೆ ಫೋನ್ ಮಾಡಿದೆ. ಅವಳು ಡ್ಯೂಟಿಯಲ್ಲಿದ್ದಳು, ಆಮೇಲೆ ಮಾಡುತ್ತೇನೆ ಎಂದಳು. ಅವಳು ಮಾಡಿದಾಗ "ಏನಿಲ್ಲ, ಹೀಗೇ" ಅಂದೆ.

ಬಾಯಿ ಬಿಡದೆ ಏನೇನು ಮಾಡಬಹುದೋ ಅದನ್ನೆಲ್ಲ ಮಾಡಿದೆ. ಬರುವಾಗ ಮಾರ್ಕೆಟ್ಟಿನಿಂದ ಸೊಪ್ಪು ತಂದೆ. ಹಿತ್ತಿಲ ಬಾಗಿಲಿಗೆ ಮರಿಯ ಕೈಗೆಟುಕದ ಮೇಲಿನ ಚಿಲಕ ಹಾಕಿದೆ. ಮಣ್ಣಾಡುವ ಚಮಚವನ್ನು ಬೀರುವಿನ ಹಿಂದೆ ಅಡಗಿಸಿದೆ. ಬೆಳಗ್ಗೆ ಬೇಗ ಎದ್ದು ನಾನೇ ಅಡುಗೆ ಮುಗಿಸಿದೆ, ಅವರ ಸೊಪ್ಪು ಒಲೆಗೆ ಏರುವ ಮೊದಲೇ. ಮೊದಲ ದಿನ ದೊಡ್ಡಮ್ಮ ನಕ್ಕರು: "ಏನಿದು, ಮನೆತುಂಬ ಬೆಳೆದಿರೋವಾಗ ಪೇಟೆ ಸೊಪ್ಪು? ಸಾಹೇಬರ ಮನೆ ಆಯ್ತು ನಮ್ದು." ಎರಡನೇ ದಿನ ನಗಲಿಲ್ಲ. ಮೂರನೇ ದಿನ ನಾನು ತಂದ ಕಟ್ಟನ್ನು ಬಿಚ್ಚದೆ ಹಾಗೆಯೇ ಜಗುಲಿಯಲ್ಲಿ ಬಿಟ್ಟರು. ಅದು ಅಲ್ಲೇ ಬಾಡಿತು. ಗುಮ್ಮನಗುಸುಕಿ ಎನ್ನುವುದನ್ನೂ ನಿಲ್ಲಿಸಿದರು. ಆ ಒಂದು ಬೈಗುಳದ ಸದ್ದಿಗೆ ನಾನು ದಿನವಿಡೀ ಎಷ್ಟು ಕಾಯುತ್ತಿದ್ದೆ ಎನ್ನುವುದು ಅದು ನಿಂತ ಮೇಲೆ ತಿಳಿಯಿತು. ಮೂರು ಜನ ಊಟಕ್ಕೆ ಕೂತರೆ ಚಮಚದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೌನ ನನಗೆ ಅಭ್ಯಾಸ ಎಂದುಕೊಂಡಿದ್ದೆ. ನನ್ನದು ಅಭ್ಯಾಸವಾಗಿತ್ತು, ಅವರದ್ದಲ್ಲ.

ಶನಿವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಮನೆಗೆ ಬಂದಾಗ ಹಿತ್ತಿಲ ಬಾಗಿಲು ಹಾರುಹೊಡೆದಿತ್ತು. ದೊಡ್ಡಮ್ಮ ನಲ್ಲಿಯ ಕಟ್ಟೆಯ ಮೇಲೆ ಕೂತು ಮೂಲಂಗಿ ತೊಳೆಯುತ್ತಿದ್ದರು. ಆಗಷ್ಟೇ ಕಿತ್ತದ್ದು. ಸೊಪ್ಪು ಅಚ್ಚ ಹಸಿರು, ಗೆಡ್ಡೆ ಬೆರಳುದ್ದ ಮಾತ್ರ. ಮರಿ ಅವರ ಮೊಣಕಾಲು ಹಿಡಿದು ನಿಂತಿದ್ದಳು.

"ಚಿಲಕ ಮೇಲೆ ಹಾಕಿದ್ರೆ ನನ್ನ ಕೈಗೂ ಎಟುಕಲ್ಲ ಅಂದ್ಕೊಂಡ್ಯಾ?" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಹೆದರಿಕೆಯಾಯಿತು. "ಬಾ, ಕೂತ್ಕೋ."

ಕೂರಲಿಲ್ಲ. ಹೊಸ್ತಿಲಲ್ಲೇ ನಿಂತೆ.

"ಒಂದು ವಾರದಿಂದ ನೋಡ್ತಿದ್ದೀನಿ. ನಾನು ಮುಟ್ಟಿದ್ದನ್ನ ನೀನು ಮುಟ್ಟಲ್ಲ. ನಾನು ಬೆಳೆದದ್ದು ನಿನಗೆ ಆಗಲ್ಲ. ಮಗೂನ ನನ್ನ ಜೊತೆ ಹಿತ್ತಿಲಿಗೆ ಬಿಡಲ್ಲ. ನಿಜ ಹೇಳು, ಬೇರೆ ಕಡೆ ರೂಮು ನೋಡ್ಕೊಂಡಿದ್ದೀಯಾ? ಹೇಳೋಕೆ ಮುಜುಗರ ಆಗಿ ಹಿಂಗೆಲ್ಲ ಮಾಡ್ತಿದ್ದೀಯಾ?"

ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಉಗುರಿನ ಸಂದಿನಲ್ಲಿ ಮಣ್ಣು ಕಪ್ಪಗೆ ಕೂತಿತ್ತು.

"ಹೋಗೋದಾದ್ರೆ ಹೋಗಮ್ಮ. ನಾನೇನು ಕಟ್ಟಿಹಾಕ್ಕೊಂಡಿಲ್ಲ. ದೊಡ್ಡವಳಾಗಿದ್ದೀಯ, ಸಂಪಾದಿಸ್ತೀಯ. ಹೂಂ ಅಂದ್ಬಿಡು, ಮುಗೀತು. ನನ್ನ ಸೊಪ್ಪಿನ ಮೇಲೆ ಯಾಕೆ ಹಗೆ ತೀರಿಸ್ಕೋತೀಯ?"

ಹೂಂ ಅಂದುಬಿಟ್ಟರೆ ನಿಜವಾಗಿಯೂ ಮುಗಿಯುತ್ತಿತ್ತು. ಮೇಡಂ ಮುಂದೆ ಅಂದ ಹಾಗೆ. ಎರಡು ದಿನ ಅಳುತ್ತಾರೆ, ಆಮೇಲೆ ಸರಿಹೋಗುತ್ತಾರೆ. ನಾನು ಯಾವುದೋ ಕೋಣೆಯಲ್ಲಿ ಕೂತು ಡೈರಿಯಲ್ಲಿ ಎಲ್ಲವನ್ನೂ ಚೆಂದವಾಗಿ ಬರೆದುಕೊಳ್ಳುತ್ತೇನೆ. ತೋಟ ತೋಟವಾಗಿಯೇ ಉಳಿಯುತ್ತದೆ, ದೊಡ್ಡಪ್ಪ ದೊಡ್ಡಪ್ಪನಾಗಿಯೇ. ಆ ಅಕ್ಷರ ನಾಲಗೆಯ ತುದಿಗೇ ಬಂದಿತ್ತು.

ಮರಿ ಕೈ ಚಾಚಿದಳು. "ಅಜ್ಜಿ," ಅಂದಳು.

ದೊಡ್ಡಮ್ಮ ಅತಿ ಸಣ್ಣ ಮೂಲಂಗಿಯನ್ನು ಆರಿಸಿ, ಸೊಪ್ಪು ಮುರಿದು, ಸೆರಗಿನಿಂದ ಒರೆಸಿ ಅವಳ ಕಡೆ ಹಿಡಿದರು.

ನಾನು ಹೊಸ್ತಿಲು ಯಾವಾಗ ದಾಟಿದೆನೋ ಗೊತ್ತಿಲ್ಲ. ಚಪ್ಪಲಿ ಕಾಲಲ್ಲೇ ಇತ್ತು, ಚೀಲ ಹೆಗಲಲ್ಲೇ ಇತ್ತು. ದೊಡ್ಡಮ್ಮನ ಮಣಿಕಟ್ಟು ನನ್ನ ಕೈಯಲ್ಲಿತ್ತು, ಗಟ್ಟಿಯಾಗಿ. ಅವರನ್ನು ನಾನು ಹಾಗೆ ಯಾವತ್ತೂ ಹಿಡಿದವಳಲ್ಲ. ಮರಿ ಹೆದರಿ ನನ್ನನ್ನು ನೋಡಿದಳು. ದೊಡ್ಡಮ್ಮನೂ. ಬಾಯಿ ತೆರೆದೆ. ಮೊದಲು ಗಾಳಿಯಷ್ಟೇ ಬಂತು.

"ಏನು? ಏನೇ ಅದು, ಬಾಯಿಬಿಟ್ಟು ಹೇಳೇ!"

"ಕೊಡಬೇಡಿ ದೊಡ್ಡಮ್ಮ," ಅಂದೆ. ನನ್ನ ದನಿ ಪಕ್ಕದ ಮನೆಯ ಗೋಡೆಗೆ ಬಡಿದು ವಾಪಸು ಬಂತು. "ಈ ಮಣ್ಣಲ್ಲಿ ಸೀಸ ಇದೆ. ದೊಡ್ಡಪ್ಪ ಒಡೆದ ಬ್ಯಾಟರಿಗಳದ್ದು."